ಕೆಂಪು ಲೈಟ್ ಹಾಕಿದರೂ ಕಲಂಚೋ ಹೂ ಬಿಡುತ್ತಿಲ್ಲ, ಯಾಕೆ?

ಹೊಸೂರು ಬಾಲ್ಕನಿ: ನಮ್ಮ ಬಾಡಿಗೆ ಮನೆಗೆ ಬಿಸಿಲು ಬೀಳುವುದಿಲ್ಲ. ಹಾಲ್‌ನಲ್ಲಿ ಕಲಂಚೋ ಇಟ್ಟು, ಕೆಂಪು-ನೀಲಿ ಗ್ರೋ ಲೈಟ್ ಹಾಕಿದ್ದೇನೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಉರಿಯುತ್ತದೆ. ಎಲೆ ದಪ್ಪಗಿದೆ, ಹೊಳೆಯುತ್ತಿದೆ. ಮೊಗ್ಗು ಮಾತ್ರ ಒಂದೂ ಇಲ್ಲ. ಕೆಂಪು ಜಾಸ್ತಿ ಇರುವ ಲೈಟ್ ತಗೊಳ್ಳಲಾ?

ಲೈಟ್ ಗುರು: ತಗೊಳ್ಳಿ. ನೀಲಿ ಎಲೆಗೆ, ಕೆಂಪು ಹೂವಿಗೆ. ಡಬ್ಬದ ಮೇಲೇ ಬರೆದಿರುತ್ತಲ್ಲ.

ತಾಳವಾಡಿ ತೋಟ: ಡಬ್ಬದ ಮೇಲೆ ಬರೆದವರು ಲೈಟ್ ಮಾರುವವರೇ ಅಲ್ವಾ? ಹೊಸೂರಿನಲ್ಲಿದ್ದುಕೊಂಡು ಇದನ್ನು ಕೇಳುತ್ತೀರಲ್ಲ! ಸೇವಂತಿಗೆ ಪಾಲಿಹೌಸ್‌ನಲ್ಲಿ ರಾತ್ರಿ ಸಾಲಾಗಿ ಬಲ್ಬ್ ಉರಿಯುವುದು ನೋಡಿಲ್ವಾ? ಅದು ಹೂ ಬರಲಿ ಅಂತ ಅಲ್ಲ, ಈಗಲೇ ಬರಬಾರದು ಅಂತ. ಕಾಂಡ ಉದ್ದ ಆಗುವವರೆಗೆ ಗಿಡಕ್ಕೆ ಉದ್ದದ ಕತ್ತಲೆ ಸಿಗಬಾರದು. ಆಮೇಲೆ ಬಲ್ಬ್ ಆರಿಸಿದರೆ ಮೊಗ್ಗು ಶುರು. ಕಲಂಚೋದ್ದೂ ಅದೇ ಸ್ವಭಾವ.

ಲೈಟ್ ಗುರು: ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ವಾ?

ಪೆರ್ಲದ ಮೇಷ್ಟ್ರು: ಉಂಟು ಮಾರಾಯ್ರೆ, ನೀವು ಹೇಳಿದ ಲೆಕ್ಕದಲ್ಲಿ ಅಲ್ಲ. ಎಲೆಯಲ್ಲಿ ಫೈಟೋಕ್ರೋಮ್ ಅಂತ, ಬೆಳಕು ಗುರುತಿಸುವ ಒಂದು ಪ್ರೋಟೀನ್ ಇದೆ. 660 ನ್ಯಾನೋಮೀಟರ್ ತರಂಗಾಂತರದ ಸುತ್ತಿನ ಕೆಂಪು ಬೆಳಕು ಬಿದ್ದರೆ ಅದು ರೂಪ ಬದಲಿಸುತ್ತದೆ. ಕಣ್ಣಿಗೆ ಕಂಡೂ ಕಾಣದ 730ರ ಕೆಂಪು ಬಿದ್ದರೆ ಹಿಂದಿನ ರೂಪಕ್ಕೆ ಬರುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ತಂಡ ಲೆಟ್ಯೂಸ್ ಬೀಜ ಮೊಳೆಯುವುದರಲ್ಲೇ ಈ ಆಟ ತೋರಿಸಿತ್ತು. ಸೇವಂತಿಗೆಯಂಥ ಗಿಡಕ್ಕೆ ನಡುರಾತ್ರಿ ಒಂದೆರಡು ಗಂಟೆ 660ರ ಕೆಂಪು ಕೊಟ್ಟರೆ ಸಾಕು, ರಾತ್ರಿ ಉದ್ದ ಇಲ್ಲ ಅಂದುಕೊಂಡು ಮೊಗ್ಗು ಕಟ್ಟುವುದನ್ನೇ ಬಿಡುತ್ತದೆ. ಅಂದರೆ ಹೂವಿಗೆ ಅಂತ ಹಾಕಿದ ಕೆಂಪೇ ರಾತ್ರಿ ಹೊತ್ತು ಹೂವಿಗೆ ಅಡ್ಡ. ಹಗಲಿಗೆ ಎರಡೂ ಇರಲಿ. ನೀಲಿ ತೀರಾ ಕಮ್ಮಿಯಾದರೆ ಕಾಂಡ ಸುಮ್ನೆ ಉದ್ದ ಬೆಳೆದು ಬಾಗುತ್ತದೆ.

ಲೈಟ್ ಗುರು: ನನ್ನ ಟೊಮೆಟೊ ರಾತ್ರಿ ಹನ್ನೊಂದರವರೆಗೆ ಇದೇ ಲೈಟ್‌ನಲ್ಲಿ ಇದ್ದು ಹೂ ಬಿಟ್ಟಿದೆ. ಅದಕ್ಕೇನಂತೀರಿ?

ತಾಳವಾಡಿ ತೋಟ: ಟೊಮೆಟೊ ಕತ್ತಲೆಯ ಗಂಟೆ ಎಣಿಸುವುದಿಲ್ಲ. ಬೆಳಕು ಸಾಕಷ್ಟಿದ್ದರೆ ಬಿಡುತ್ತದೆ.

ಬದಿಯಡ್ಕದ ಅಕ್ಕ: ಎಲ್ಲದಕ್ಕೂ ಬೆಳಕೇ ಕಾರಣವೂ ಅಲ್ಲ. ಫೆಲನಾಪ್ಸಿಸ್ ಆರ್ಕಿಡ್ ಹೂವಿನ ಕಡ್ಡಿ ಬಿಡಬೇಕಾದರೆ ಕೆಲವು ವಾರ 25 ಡಿಗ್ರಿ ಒಳಗಿನ ತಂಪು ಬೇಕು. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಅದನ್ನು ಎಲ್ಲಿಂದ ತರೋಣ?

ಹೊಸೂರು ಬಾಲ್ಕನಿ: ಗ್ರೋ ಲೈಟ್ ಬೇಗ ಆರಿಸಬಹುದು. ಆದರೆ ಹಾಲ್‌ನ ಟ್ಯೂಬ್‌ಲೈಟ್? ಅಪ್ಪ ಮಲಗುವುದೇ ಹನ್ನೊಂದಕ್ಕೆ.

ತಾಳವಾಡಿ ತೋಟ: ಅಪ್ಪನನ್ನು ಯಾಕೆ ಬೇಗ ಮಲಗಿಸುತ್ತೀರಿ! ಸಂಜೆ ಐದಕ್ಕೆ ಗಿಡದ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಗ್ಗೆ ಏಳಕ್ಕೆ ತೆಗೆಯಿರಿ. 14 ಗಂಟೆ ಕತ್ತಲೆ ಸಿಗುತ್ತದೆ. ಕೈ ಹಿಡಿಯುವ ತೂತಿಗೆ ಟೇಪ್ ಅಂಟಿಸಿ, ಅಲ್ಲಿಂದಲೂ ಬೆಳಕು ನುಗ್ಗುತ್ತದೆ. ಒಂದೂವರೆ ತಿಂಗಳು ಬಿಡದೆ ಮಾಡಿ. ನೀರು ಕಮ್ಮಿ ಹಾಕಿ.