ಡಬ್ಲ್ಯೂಡಿಎಂ-2 ಎಂಜಿನ್ನಿನ ಬಿಲ್ಡರ್ ಪ್ಲೇಟ್: ಅಸಲಿಯೋ, ಮರು ಎರಕವೋ?

ಮೀಟರ್‌ಗೇಜ್_ಪ್ರಿಯ:
ಗುಜರಿ ವ್ಯಾಪಾರಿಯೊಬ್ಬರ ಬಳಿ ಹಿತ್ತಾಳೆಯ ಬಿಲ್ಡರ್ ಪ್ಲೇಟೊಂದು (ರೈಲು ಎಂಜಿನ್ ಕಟ್ಟಿದ ಕಾರ್ಖಾನೆಯ ಹೆಸರಿನ ಫಲಕ) ಮಾರಾಟಕ್ಕಿದೆ. ಉಬ್ಬಕ್ಷರದಲ್ಲಿ ಡೀಸೆಲ್ ಲೋಕೋಮೋಟಿವ್ ವರ್ಕ್ಸ್, ವಾರಾಣಸಿ ಎಂದಿದೆ, ಇಸವಿ 1974. ಕ್ರಮಸಂಖ್ಯೆಯನ್ನು ಪಂಚ್ ಹೊಡೆದಂತಿದೆ. ಉದ್ದ ಸುಮಾರು 300 ಮಿ.ಮೀ. ಬ್ರಾಡ್‌ಗೇಜ್ ಡೀಸೆಲ್ ಮಾದರಿಯಾದ ಡಬ್ಲ್ಯೂಡಿಎಂ-2 ಎಂಜಿನ್ನಿನದು ಎನ್ನುತ್ತಾರೆ. ಅಸಲಿಯೇ ಎಂದು ಪರೀಕ್ಷಿಸುವುದು ಹೇಗೆ? ಕೊಂಡರೆ ಬಣ್ಣ ತೆಗೆಯಲು ಏನು ಬಳಸಬೇಕು?

ಎರಕದಮನೆ:
ಮೊದಲು ಅಳತೆ. ಅಸಲಿ ಪ್ಲೇಟನ್ನೇ ಅಚ್ಚಾಗಿ ಮರಳಿಗೆ ಒತ್ತಿ ನಕಲು ಎರೆದರೆ, ಹಿತ್ತಾಳೆ ಆರುವಾಗ ಶೇ. 1.5ರಷ್ಟು ಕುಗ್ಗುತ್ತದೆ. 300 ಮಿ.ಮೀ.ಗೆ ಸುಮಾರು 4.5 ಮಿ.ಮೀ. ಕಡಿಮೆ. ಹೊರ ಅಂಚನ್ನು ಅಳೆಯಬೇಡಿ, ಅದನ್ನು ಅರ ಹಾಕಿ ಬದಲಿಸಿರಬಹುದು. ಬೋಲ್ಟ್ ತೂತುಗಳನ್ನೂ ನಂಬಬೇಡಿ, ನಕಲಿನಲ್ಲಿ ಅವನ್ನು ಹೊಸದಾಗಿ ಕೊರೆದಿರುತ್ತಾರೆ. ಉದ್ದನೆಯ ಸಾಲಿನ ಮೊದಲ ಅಕ್ಷರದ ಎಡ ಅಂಚಿನಿಂದ ಕೊನೆಯ ಅಕ್ಷರದ ಎಡ ಅಂಚಿನವರೆಗೆ ವರ್ನಿಯರ್ ಹಿಡಿದು ಅಳೆಯಿರಿ. ಅದೇ ಕಾಲದ ಎಂಜಿನ್ನಿನ ಮೇಲೆ ಈಗಲೂ ಇರುವ ಪ್ಲೇಟಿನ ಅದೇ ಅಳತೆಗೆ ಹೋಲಿಸಿ.

ಆಮೇಲೆ ಅಂಕಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪಂಚ್ ಹೊಡೆದ ಅಂಕಿಯ ಸುತ್ತ ಲೋಹ ತುಸು ಉಬ್ಬಿ, ಒಳಗಿನ ಮೂಲೆ ಚೂಪಾಗಿರುತ್ತದೆ. ಎರಕದಲ್ಲೇ ಬಂದ ಅಂಕಿಯ ಮೂಲೆ ದುಂಡಗಿರುತ್ತದೆ, ತಳದಲ್ಲಿ ಮರಳಿನ ಒರಟು ಕಾಣುತ್ತದೆ. ಈಗ ಸ್ಕ್ಯಾನ್ ಮಾಡಿ ಶೇ. 1.5 ಹಿಗ್ಗಿಸಿಯೇ ಅಚ್ಚು ತಯಾರಿಸಬಹುದು. ಅಂಥ ನಕಲು ಅಳತೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಹಿಂಬದಿಯನ್ನೂ ನೋಡಲೇಬೇಕು. ವರ್ಷಗಟ್ಟಲೆ ಉಕ್ಕಿನ ತಗಡಿಗೆ ಅಂಟಿಕೊಂಡಿದ್ದ ಪ್ಲೇಟಿನ ಬೆನ್ನಲ್ಲಿ ತುಕ್ಕಿನ ಕಲೆ ಒಂದೇ ಸಮ ಇರುವುದಿಲ್ಲ, ಮುಂಭಾಗದಲ್ಲಿ ತೂತಿನ ಸುತ್ತ ಬೋಲ್ಟ್ ತಲೆ ಕೂತ ಗುರುತಿರುತ್ತದೆ. ತೂತಿನ ಒಳಗೂ ಹೊರಗೂ ಒಂದೇ ಬಗೆಯ ಹಸಿರು ಇದ್ದರೆ ರಾಸಾಯನಿಕ ಹಾಕಿ ಹಳೆಯದಾಗಿಸಿದ್ದು.

ಆಲ್ಕೋ251:
ಹೆಸರು, ಇಸವಿ ತಾಳೆಯಾಗುವುದೂ ಮುಖ್ಯ. ವಾರಾಣಸಿ ಕಾರ್ಖಾನೆ ಡಬ್ಲ್ಯೂಡಿಎಂ-2 ಹೊರತರಲು ಶುರುಮಾಡಿದ್ದು 1964ರಲ್ಲಿ, ಮೀಟರ್‌ಗೇಜ್ ವೈಡಿಎಂ-4 ಶುರುವಾದದ್ದು 1968ರಲ್ಲಿ. ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎಂಬ ಹೆಸರು ಬಂದದ್ದು 2020ರಲ್ಲಿ. ಆ ಹೆಸರಿನಡಿ 1974 ಎಂದಿದ್ದರೆ ಸುಳ್ಳು. ಅಮೆರಿಕದ ಸ್ಕೆನೆಕ್ಟಡಿಯಿಂದ ಬಂದ ಎಂಜಿನ್ನುಗಳ ವಿಷಯವೂ ಹಾಗೆಯೇ: 1955ರಲ್ಲೇ ಅಮೆರಿಕನ್ ಲೋಕೋಮೋಟಿವ್ ಕಂಪನಿಯ (ಆಲ್ಕೋ) ಹೆಸರು ಆಲ್ಕೋ ಪ್ರಾಡಕ್ಟ್ಸ್ ಎಂದಾಗಿತ್ತು. ಆ ಬಳಿಕ ಅಲ್ಲಿಂದ ಬಂದ ಡಬ್ಲ್ಯೂಡಿಎಂ-1ರ ಪ್ಲೇಟ್ ಎಂದು ಹೇಳಿ ಅದರಲ್ಲಿ ಅಮೆರಿಕನ್ ಲೋಕೋಮೋಟಿವ್ ಕಂಪನಿ ಎಂದಿದ್ದರೆ ಕೈ ಹಾಕಬೇಡಿ. ಆಲ್ಕೋ ರೈಲ್ವೆ ಎಂಜಿನ್ ಕಟ್ಟುವುದನ್ನು ನಿಲ್ಲಿಸಿದ್ದು 1969ರಲ್ಲಿ.

ಇನ್ನೊಂದು ಗೊಂದಲ ಸಾಮಾನ್ಯ. ಒಳಗಿನ 16 ಸಿಲಿಂಡರ್‌ನ 251ಬಿ ಡೀಸೆಲ್ ಯಂತ್ರಕ್ಕೂ ಮುಖ್ಯ ಜನರೇಟರ್‌ಗೂ ಅವುಗಳದೇ ಪ್ಲೇಟ್ ಇರುತ್ತದೆ. ಪಿಓಎಚ್‌ಗೆ (ನಿಯತಕಾಲಿಕ ಪೂರ್ಣ ದುರಸ್ತಿ) ಹೋದಾಗ ಇವನ್ನು ಇಳಿಸಿ ಬೇರೆಯದನ್ನು ಕೂರಿಸುವುದು ರೂಢಿ. ಆ ಪ್ಲೇಟಿನ ನಂಬರ್ ಯಾವ ಲೋಕೋಗೂ ಸಾಕ್ಷಿಯಾಗುವುದಿಲ್ಲ. ಪಟಿಯಾಲಾದ ರೈಲ್ವೆ ಕಾರ್ಖಾನೆಯಲ್ಲಿ ಪುನರ್ನಿರ್ಮಾಣವಾದ ಲೋಕೋಗಳಿಗೆ ನಂಬರಿನ ಕೊನೆಗೆ ಆರ್ ಅಕ್ಷರ ಸೇರಿರುತ್ತದೆ, ಅವಕ್ಕೆ ಆ ಕಾರ್ಖಾನೆಯ ಪ್ಲೇಟೂ ಬರುತ್ತದೆ.

ಮೀಟರ್‌ಗೇಜ್_ಪ್ರಿಯ:
ಬೆನ್ನಲ್ಲಿ ತುಕ್ಕಿದೆ, ಅಂಕಿಗಳ ಅಂಚು ಉಬ್ಬಿದೆ. ಆದರೆ ಮುಂಭಾಗದಲ್ಲಿ ಮೂರ್ನಾಲ್ಕು ಪದರ ಬಣ್ಣ ಕೂತಿದೆ. ತೆಗೆದೇ ನೋಡಬೇಕೇ?

ಹಿತ್ತಾಳೆ_ಹೊಳಪು:
ಆ ಪದರಗಳೇ ಒಂದು ಪುರಾವೆ. ಮೊದಲು ಒಂದು ಪಕ್ಕದಿಂದ ಬೆಳಕು ಬೀಳುವಂತೆ, ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದ ಬಣ್ಣವನ್ನು ಹಾಗೇ ಬಿಡಿ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಸ್ಯಾಂಡ್‌ಪೇಪರ್ ಬೇಡ, ಬ್ಲೋಲ್ಯಾಂಪ್ ಅಂತೂ ಬೇಡವೇ ಬೇಡ. ಕೈಗವಸು ಹಾಕಿ, ಬಯಲಲ್ಲಿ ಜೆಲ್ ರೂಪದ ಪೇಂಟ್ ರಿಮೂವರ್ ಬಳಿದು 15–20 ನಿಮಿಷ ಬಿಟ್ಟು ನೈಲಾನ್ ಬ್ರಷ್‌ನಿಂದ ತೆಗೆಯಿರಿ. ಅಗತ್ಯವಿದ್ದರೆ ಮತ್ತೊಮ್ಮೆ. ತಂತಿ ಬ್ರಷ್ ಪಂಚ್ ಗುರುತನ್ನು ಗೀರುತ್ತದೆ. ಎಲ್ಲಕ್ಕಿಂತ ಹಾಳು ಬಫಿಂಗ್ ಚಕ್ರ. ಅಕ್ಷರದ ಅಂಚು ಸವೆದು ದುಂಡಗಾದರೆ ಅಸಲಿಯೇ ನಕಲಿನಂತೆ ಕಾಣುತ್ತದೆ.

ಹುಣಸೆಹಣ್ಣು ಬಳಸುವುದಾದರೆ ಒಂದೆರಡು ನಿಮಿಷ ಸಾಕು, ಕೂಡಲೇ ತೊಳೆದು ಒರೆಸಿ. ಹುಳಿ ಹೆಚ್ಚು ಹೊತ್ತು ಕೂತರೆ ಸತು ಕರಗಿ ಗುಲಾಬಿ ಮಚ್ಚೆ ಉಳಿಯುತ್ತದೆ. ಅಲ್ಯೂಮಿನಿಯಂ ಪ್ಲೇಟ್ ಇದ್ದರೆ ಕಾಸ್ಟಿಕ್ ಸೋಡಾ ಸೋಕಿಸಲೇಬಾರದು, ಲೋಹವನ್ನೇ ತಿನ್ನುತ್ತದೆ. ಕೊನೆಗೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ, ಇಲ್ಲವೇ 100 ಮಿ.ಲೀ. ಅಸಿಟೋನ್‌ಗೆ 10 ಗ್ರಾಂ ಪ್ಯಾರಲಾಯ್ಡ್ ಬಿ-72 (ಅಕ್ರಿಲಿಕ್ ರಾಳ) ಕರಗಿಸಿ ಬಳಿಯಿರಿ. ಬೇಡವೆನಿಸಿದರೆ ಅದನ್ನು ಅಸಿಟೋನ್‌ನಿಂದಲೇ ತೆಗೆಯಬಹುದು.

ಗೇಟ್‌ಪಾಸ್:
ದುಡ್ಡು ಕೊಡುವ ಮುಂಚೆ ಕಾಗದ ಕೇಳಿ. ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯಿದೆ, 1966ರಡಿ ಕದ್ದ ಮಾಲೆಂಬ ಸಕಾರಣ ಅನುಮಾನ ಬಂದರೆ, ಕಾನೂನುಬದ್ಧವಾಗಿ ಸಿಕ್ಕಿತೆಂದು ತೋರಿಸುವ ಹೊಣೆ ಇಟ್ಟುಕೊಂಡವರ ಮೇಲೆಯೇ. ರೈಲ್ವೆಯ ಗುಜರಿ ಹರಾಜಿನ ಲಾಟ್ ತೂಕದ ಲೆಕ್ಕದಲ್ಲಿದ್ದರೆ ಅದರಲ್ಲಿ ಪ್ಲೇಟಿನ ಹೆಸರೇ ಇರುವುದಿಲ್ಲ. ಆದ್ದರಿಂದ ಡೆಲಿವರಿ ಆರ್ಡರಿನ (ಹರಾಜಾದ ಮಾಲನ್ನು ಒಯ್ಯಲು ರೈಲ್ವೆ ಕೊಡುವ ಪತ್ರ) ಪ್ರತಿ ಪಡೆಯಿರಿ. ಲಾಟ್ ನಂಬರ್, ಪ್ಲೇಟಿನ ಕ್ರಮಸಂಖ್ಯೆ ಎರಡನ್ನೂ ಬರೆದ ಬಿಲ್ ಮಾಡಿಸಿ, ಪ್ಲೇಟಿನ ಫೋಟೋ ಹಿಂಬದಿಗೆ ಮಾರಿದವರ ಸಹಿ ಹಾಕಿಸಿ. ಇವನ್ನು ಕೊಡಲು ಹಿಂಜರಿದರೆ, ಪ್ಲೇಟ್ ಎಷ್ಟೇ ಅಸಲಿಯಾದರೂ ಕೊಳ್ಳಬೇಡಿ.