ಕ್ಲಾಕ್ ನಿಲ್ಲಿಸಿ ಪವರ್ ಉಳಿಸುವುದು: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಬೆಳಗಾವಿ, ಎಲೆಕ್ಟ್ರಾನಿಕ್ಸ್ (ಇಸಿ) ಕೊನೇ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಾಜೆಕ್ಟ್ ಬೇಸಿಸ್-3 ಬೋರ್ಡ್ ಮೇಲೆ. ಅದರಲ್ಲಿರುವುದು ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದಂತೆ ಜೋಡಿಸಿಕೊಳ್ಳುವ ಚಿಪ್. ಒಂದು ಫಿಲ್ಟರ್, ಸೀರಿಯಲ್ ಡೇಟಾ ಕಳಿಸಿ ಪಡೆಯುವ ಒಂದು ಯುಎಆರ್‌ಟಿ, ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ, ಇಷ್ಟೇ. ಫಿಲ್ಟರ್‌ಗೆ ಡೇಟಾ ಬರುವುದು ಆಗೊಮ್ಮೆ ಈಗೊಮ್ಮೆ. ಆದರೂ ಅದರ ಕ್ಲಾಕ್ (ಸರ್ಕ್ಯೂಟಿಗೆ ತಾಳ ಕೊಡುವ, ಏರಿ ಇಳಿಯುವ ಸಿಗ್ನಲ್) 100 ಮೆಗಾಹರ್ಟ್ಸ್‌ನಲ್ಲಿ ಸುಮ್ನೆ ಓಡುತ್ತಲೇ ಇರುತ್ತದೆ. ಕ್ಲಾಕ್ ಗೇಟಿಂಗ್ (ಬೇಡದಾಗ ಕ್ಲಾಕ್ ನಿಲ್ಲಿಸುವುದು) ಮಾಡಿ ಪವರ್ ಇಳಿಸಿ ತೋರಿಸಿ ಅಂತ ಗೈಡ್ ಹೇಳಿದ್ದಾರೆ. ಕ್ಲಾಕ್ ಮತ್ತು ಎನೇಬಲ್ (ಡೇಟಾ ಇದ್ದಾಗ ಮಾತ್ರ 1 ಆಗುವ ಸಿಗ್ನಲ್) ಎರಡನ್ನೂ ಆಂಡ್ ಗೇಟ್‌ಗೆ ಕೊಟ್ಟು, ಅದರ ಔಟ್‌ಪುಟ್ಟನ್ನೇ ಫಿಲ್ಟರ್‌ನ ಕ್ಲಾಕ್ ಮಾಡಿದ್ದೇವೆ. ಸಿಮ್ಯುಲೇಷನ್‌ನಲ್ಲಿ ಎಲ್ಲ ಸರಿ. ಬೋರ್ಡ್ ಮೇಲೆ ಒಮ್ಮೊಮ್ಮೆ ತಪ್ಪು ಉತ್ತರ. ಪವರ್ ರಿಪೋರ್ಟ್‌ನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮುಂದೇನು ಮಾಡೋಣ?

ಜಮಖಂಡಿ ಕಡೆಯವರು, ಈಗ ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕೆಲಸ

ತಂಗಿ, ಮೊದಲು ಆ ಆಂಡ್ ಗೇಟ್ ತೆಗೆದುಬಿಡು. ತಾಪತ್ರಯ ಇರುವುದೇ ಅಲ್ಲಿ.

ನಿನ್ನ ಎನೇಬಲ್ ಯಾವಾಗ ಬದಲಾಗುತ್ತದೆ ನೋಡು. ಕ್ಲಾಕ್ ಮೇಲೇರಿದಾಗ ಅದು ಒಂದು ಫ್ಲಿಪ್‌ಫ್ಲಾಪ್‌ನಿಂದ (ಕ್ಲಾಕ್ ಏರಿದಾಗ ಒಂದು ಬಿಟ್ ಹಿಡಿದಿಡುವ ಘಟಕ) ಹೊರಡುತ್ತದೆ, ಲಾಜಿಕ್ ದಾಟಿ ಆಂಡ್ ಗೇಟ್ ಮುಟ್ಟಲು ಸ್ವಲ್ಪ ಹೊತ್ತು ಬೇಕು. 100 ಮೆಗಾಹರ್ಟ್ಸ್ ಅಂದರೆ ಒಂದು ಸುತ್ತಿಗೆ 10 ನ್ಯಾನೋಸೆಕೆಂಡ್. ಅದರಲ್ಲಿ 5 ಮೇಲೆ, 5 ಕೆಳಗೆ. ಎನೇಬಲ್ 2ನೇ ನ್ಯಾನೋಸೆಕೆಂಡಿಗೆ ಬಂದರೆ ಔಟ್‌ಪುಟ್‌ನಲ್ಲಿ 3 ನ್ಯಾನೋಸೆಕೆಂಡಿನ ತುಂಡು ಪಲ್ಸ್. 4.8ಕ್ಕೆ ಬಂದರೆ ಬರೀ ಚೂರು. ಆ ಚೂರನ್ನು ಕೆಲವು ಫ್ಲಿಪ್‌ಫ್ಲಾಪ್‌ಗಳು ಕ್ಲಾಕ್ ಅಂತ ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ಉತ್ತರ ಕೆಡದೆ ಇನ್ನೇನಾಗುತ್ತದೆ? ನೀನು ಸಿಮ್ಯುಲೇಷನ್ ಮಾಡಿದ್ದು ಆರ್‌ಟಿಎಲ್, ಅಂದರೆ ಬರೆದ ಕೋಡ್ ಮೇಲೆ ಅನಿಸುತ್ತದೆ. ಅದರಲ್ಲಿ ಗೇಟಿನ ವಿಳಂಬವೇ ಇರುವುದಿಲ್ಲ, ಹಾಗಾಗಿ ಎಲ್ಲ ಚಂದ ಕಾಣುತ್ತದೆ.

ಚಿಪ್‌ನಲ್ಲಿ ನಾವು ಐಸಿಜಿ (ಇಂಟಿಗ್ರೇಟೆಡ್ ಕ್ಲಾಕ್ ಗೇಟಿಂಗ್) ಅನ್ನುವ ಸೆಲ್ ಬಳಸುತ್ತೇವೆ. ಅದರೊಳಗೂ ಆಂಡ್ ಗೇಟೇ ಇದೆ, ಆದರೆ ಎನೇಬಲ್ ದಾರಿಯಲ್ಲಿ ಒಂದು ಲ್ಯಾಚ್ ಕೂತಿರುತ್ತದೆ. ತೆರೆದಾಗ ಅದು ಸಿಗ್ನಲ್ ಒಳಗೆ ಬಿಡುತ್ತದೆ, ಮುಚ್ಚಿದಾಗ ಹಳೆಯದನ್ನೇ ಹಿಡಿದಿಡುತ್ತದೆ. ಕ್ಲಾಕ್ ಕೆಳಗಿರುವಾಗ ಮಾತ್ರ ಲ್ಯಾಚ್ ತೆರೆಯುತ್ತದೆ. ಕ್ಲಾಕ್ ಮೇಲಿದ್ದಾಗ ಎನೇಬಲ್ ಎಷ್ಟೇ ಕುಣಿದರೂ ಆಂಡ್ ಗೇಟ್‌ಗೆ ಅದು ಗೊತ್ತೇ ಆಗುವುದಿಲ್ಲ. ಬಂದರೆ ಪೂರ್ತಿ ಪಲ್ಸ್, ಇಲ್ಲವಾದರೆ ಏನೂ ಇಲ್ಲ.

ಇದನ್ನು ಬಹಳಷ್ಟು ಕಡೆ ಕೈಯಿಂದ ಹಾಕುವುದೂ ಇಲ್ಲ. ಎನೇಬಲ್ ಇದ್ದಾಗ ಮಾತ್ರ ರಿಜಿಸ್ಟರ್ (ಫ್ಲಿಪ್‌ಫ್ಲಾಪ್‌ಗಳ ಗುಂಪು) ಬದಲಾಗಲಿ ಅಂತ ಕೋಡ್ ಬರೆದರೆ ಕೋಡನ್ನು ಗೇಟುಗಳಾಗಿ ಮಾಡುವ ಸಿಂಥೆಸಿಸ್ ಟೂಲೇ ಸೇರಿಸುತ್ತದೆ. ಆದರೆ ಒಂದೆರಡು ಬಿಟ್‌ಗೆಲ್ಲ ಒಂದೊಂದು ಐಸಿಜಿ ಇಟ್ಟರೆ ಉಳಿಸಿದ್ದನ್ನು ಆ ಸೆಲ್ಲೇ ತಿಂದುಬಿಡುತ್ತದೆ. 32 ಬಿಟ್ ರಿಜಿಸ್ಟರ್‌ಗೆ ಒಂದು ಅಂದರೆ ಲೆಕ್ಕ ಕೂಡುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಬೇರೆ ಸಿಗ್ನಲ್‌ಗಳು ಡೇಟಾ ಇದ್ದಾಗ ಮಾತ್ರ ಬದಲಾಗುತ್ತವೆ. ಕ್ಲಾಕ್ ಪ್ರತಿ ಸುತ್ತಿಗೂ ಏರಿ ಇಳಿಯುತ್ತದೆ, ಪ್ರತಿ ಸಲವೂ ಉದ್ದದ ತಂತಿ ಮತ್ತು ಸಾಲು ಸಾಲು ಬಫರ್‌ಗಳನ್ನು ಚಾರ್ಜ್ ಮಾಡುತ್ತದೆ. ಹಲವು ಚಿಪ್‌ಗಳಲ್ಲಿ ಡೈನಮಿಕ್ ಪವರ್‌ನ (ಸಿಗ್ನಲ್ ಬದಲಾಗುವಾಗ ಖರ್ಚಾಗುವುದು) ದೊಡ್ಡ ಪಾಲು ಹೋಗುವುದೇ ಕ್ಲಾಕ್ ಜಾಲಕ್ಕೆ.

ಎಫ್‌ಪಿಜಿಎ ಕಥೆ ಬೇರೆ. ಅದನ್ನು ದಿನಾ ಬಳಸುವವರು ಹೇಳಲಿ.

ವಿಜಯಪುರ, ಲ್ಯಾಬ್‌ನಲ್ಲಿ ಎಫ್‌ಪಿಜಿಎ ಕಲಿಸುವವರು

ಮೇಲೆ ಹೇಳಿದ್ದು ಸರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಎಫ್‌ಪಿಜಿಎಯಲ್ಲಿ ಆಂಡ್ ಗೇಟ್ ಅಂದರೆ ಒಂದು ಎಲ್‌ಯುಟಿ, ಲಾಜಿಕ್‌ನ ಉತ್ತರಗಳನ್ನು ಇಟ್ಟುಕೊಂಡ ಚಿಕ್ಕ ಕೋಷ್ಟಕ. ಕ್ಲಾಕ್ ಅದರ ಮೂಲಕ ಹೋದರೆ ತನ್ನ ಮೀಸಲು ದಾರಿ ಬಿಟ್ಟು ಸಾಮಾನ್ಯ ವೈರಿಂಗ್‌ಗೆ ಇಳಿಯುತ್ತದೆ, ತಡವಾಗಿ ತಲುಪುತ್ತದೆ. ಹೋಲ್ಡ್ ಟೈಮ್ (ಕ್ಲಾಕ್ ಏರಿದ ಮೇಲೂ ಡೇಟಾ ಬದಲಾಗದೆ ನಿಲ್ಲಬೇಕಾದ ಹೊತ್ತು) ತಪ್ಪಲು ಅದೊಂದೇ ಸಾಕು.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಪ್ರತಿ ಫ್ಲಿಪ್‌ಫ್ಲಾಪ್‌ಗೂ ಇರುವ ಸಿಇ (ಕ್ಲಾಕ್ ಎನೇಬಲ್) ಪಿನ್. ಇನ್ನೊಂದು, ಕ್ಲಾಕನ್ನೇ ಬಿಡುವ ಇಲ್ಲವೇ ತಡೆಯುವ ಬಿಯುಎಫ್‌ಜಿಸಿಇ ಅನ್ನುವ ಬಫರ್. ಹಿಡಕಲ್ ಡ್ಯಾಮಿನ ಕಾಲುವೆ ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಹೊಲದ ಬಾಯಿ ಮುಚ್ಚಿದರೂ ಉಪಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಅಲ್ವಾ? ಸಿಇ ಅಂದರೆ ಹೊಲದ ಬಾಯಿ. ಬಿಯುಎಫ್‌ಜಿಸಿಇ ಅಂದರೆ ಉಪಕಾಲುವೆಯ ಗೇಟು. ಸಿಇಯಿಂದ ಫಿಲ್ಟರ್ ಒಳಗಿನ ಡೇಟಾ ಓಡಾಟ ನಿಲ್ಲುತ್ತದೆ, ಕ್ಲಾಕ್ ಜಾಲ ನಿಲ್ಲುವುದಿಲ್ಲ. ಫಿಲ್ಟರ್ ಪೂರ್ತಿ ಒಂದು ಬ್ಲಾಕ್, ಬಹಳ ಹೊತ್ತು ಖಾಲಿ ಕೂರುತ್ತದೆ ಅಂದಮೇಲೆ ಬಿಯುಎಫ್‌ಜಿಸಿಇ ಹಾಕಿ. ಅದು ಪಲ್ಸ್ ತುಂಡಾಗಲು ಬಿಡುವುದಿಲ್ಲ. ಎನೇಬಲ್ ಟೈಮಿಂಗ್‌ಗೆ ಸರಿಯಾಗಿ ಬರಬೇಕು ಅಷ್ಟೇ. ಯುಎಆರ್‌ಟಿ, ಡಿಸ್‌ಪ್ಲೇಗೆ ಸಿಇ ಸಾಕು. ಅಲ್ಲೂ ಹತ್ತಾರು ಬೇರೆ ಬೇರೆ ಎನೇಬಲ್ ಮಾಡಬೇಡಿ. ನಿಮ್ಮ ಬೋರ್ಡಿನ ಎಫ್‌ಪಿಜಿಎ ಆದ ಆರ್ಟಿಕ್ಸ್-7ರಲ್ಲಿ ಒಂದು ಸ್ಲೈಸ್‌ನ (ಎಲ್‌ಯುಟಿ, ಫ್ಲಿಪ್‌ಫ್ಲಾಪ್‌ಗಳ ಒಂದು ಕಟ್ಟು) 8 ಫ್ಲಿಪ್‌ಫ್ಲಾಪ್‌ಗೂ ಸಿಇ ಒಂದೇ. ಚಿಕ್ಕ ಚಿಕ್ಕ ಗುಂಪು ಮಾಡಿದರೆ ಸ್ಲೈಸ್‌ಗಳು ಅರ್ಧಂಬರ್ಧ ಖಾಲಿ ಉಳಿಯುತ್ತವೆ.

ರಿಪೋರ್ಟ್ ವಿಷಯಕ್ಕೆ ಬರೋಣ. ನಿಮ್ಮ ಎನೇಬಲ್ ಹೆಚ್ಚು ಹೊತ್ತು ಸೊನ್ನೆಯಲ್ಲೇ ಇರುತ್ತದೆ ಅಂತ ಎಫ್‌ಪಿಜಿಎ ಟೂಲ್ ವಿವಾಡೋಗೆ ಯಾರು ಹೇಳಿದರು? ನೀವು ಏನೂ ಕೊಡದಿದ್ದರೆ ಅದು 12.5% ಟಾಗಲ್ (ಸಿಗ್ನಲ್ ಬದಲಾಗುವ ದರ) ಅಂತ ತಾನೇ ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಇಂಪ್ಲಿಮೆಂಟೇಷನ್ (ಚಿಪ್ ಮೇಲೆ ಜಾಗ, ವೈರಿಂಗ್ ಹಂಚುವುದು) ಆದಮೇಲಿನ ಸಿಮ್ಯುಲೇಷನ್ ಓಡಿಸಿ, ಸೈಫ್ ಫೈಲ್ (ಸಿಗ್ನಲ್‌ಗಳು ಎಷ್ಟು ಬದಲಾದವು ಅನ್ನುವ ದಾಖಲೆ) ಬರೆಸಿ, ಅದನ್ನು ಪವರ್ ರಿಪೋರ್ಟ್‌ಗೆ ಕೊಡಿ. ಟೆಸ್ಟ್‌ಬೆಂಚ್‌ನಲ್ಲಿ ಡೇಟಾ ನಿಜವಾಗಿ ಬರುವಷ್ಟೇ ಅಪರೂಪಕ್ಕೆ ಬರಬೇಕು. ರಿಪೋರ್ಟ್‌ನಲ್ಲಿ ಕಾನ್ಫಿಡೆನ್ಸ್ ಲೆವೆಲ್ ಅಂತ ಇರುತ್ತದೆ, ಅದು ಲೋ ಇದ್ದರೆ ಆ ಅಂಕಿಯನ್ನು ವೈವಾದಲ್ಲಿ ತೋರಿಸಲೇಬೇಡಿ. ತೋರಿಸುವಾಗಲೂ ಡೈನಮಿಕ್ ಮಾತ್ರ ಹೋಲಿಸಿ. ಕ್ಲಾಕ್ ನಿಲ್ಲಿಸಿದರೂ ಸ್ಟ್ಯಾಟಿಕ್ ಪವರ್ (ಚಿಪ್ ಸುಮ್ಮನಿದ್ದರೂ ಸೋರುವುದು) ಇದ್ದೇ ಇರುತ್ತದೆ.

ಬೆಳಗಾವಿ, ಉದ್ಯಮಬಾಗ್

ಡಿಸ್‌ಪ್ಲೇಗೆ ಕೌಂಟರ್‌ನಿಂದ ಭಾಗಿಸಿದ ಕ್ಲಾಕ್ ಕೊಟ್ಟಿದ್ದೀರಾ? ಎಲ್ಲ ಪ್ರಾಜೆಕ್ಟ್‌ನಲ್ಲೂ ಅದನ್ನೇ ನೋಡುತ್ತೇನೆ. ಕೌಂಟರ್ ಇರಲಿ, ಆದರೆ ಅದರಿಂದ ಒಂದು ಸುತ್ತಿನ ಟಿಕ್ ತೆಗೆದು ಸಿಇಗೆ ಕೊಡಿ. ಕ್ಲಾಕ್ ಒಂದೇ ಇರಲಿ.

ತಿಕೋಟಾ, ದ್ರಾಕ್ಷಿ ತೋಟಕ್ಕೆ ಸೆನ್ಸರ್ ಮಾಡುವವರು

ನಾನು ಎಫ್‌ಪಿಜಿಎ ಮುಟ್ಟಿದವನಲ್ಲ. ಡ್ರಿಪ್ ಸಾಲಿನಲ್ಲಿ ಮಣ್ಣಿನ ತೇವ ನೋಡುವ ಬ್ಯಾಟರಿ ಪೆಟ್ಟಿಗೆ ಮಾಡುತ್ತೇನೆ, ಒಳಗೆ ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್. ಅಲ್ಲಿ ಕ್ಲಾಕ್ ಗೇಟಿಂಗ್ ಮೊದಲೇ ಮಾಡಿಟ್ಟಿದ್ದಾರೆ. ಪಿಆರ್‌ಆರ್ (ಪವರ್ ರಿಡಕ್ಷನ್) ರಿಜಿಸ್ಟರ್‌ನಲ್ಲಿ ಬಿಟ್ ಏರಿಸಿದರೆ ಟೈಮರ್, ಎಸ್‌ಪಿಐ ಯಾವುದು ಬೇಡವೋ ಅದರ ಕ್ಲಾಕ್ ನಿಲ್ಲುತ್ತದೆ. ಎಡಿಸಿಯನ್ನು (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಮಾತ್ರ ಮೊದಲು ಅದರ ಸ್ವಂತ ರಿಜಿಸ್ಟರ್‌ನಲ್ಲಿ ಆಫ್ ಮಾಡಿ, ಆಮೇಲೆ ಪಿಆರ್‌ಆರ್. ಉಲ್ಟಾ ಮಾಡಿದರೆ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ.

ಪವರ್‌ಡೌನ್ ಅನ್ನುವ ನಿದ್ರೆಗೆ ಹೋದರೆ ಮುಖ್ಯ ಕ್ಲಾಕೇ ನಿಲ್ಲುತ್ತದೆ, ಎಬ್ಬಿಸಲು ವಾಚ್‌ಡಾಗ್ ಟೈಮರ್ ಇದೆ. ಆಗ ಚಿಪ್ ಕುಡಿಯುವುದು ಕೆಲವೇ ಮೈಕ್ರೋಆಂಪ್. ಆದರೆ ಇದೇ ಚಿಪ್ ಇರುವ ಆರ್ಡುಯಿನೋ ಉನೋ ಬೋರ್ಡನ್ನೇ ಪೆಟ್ಟಿಗೆಯಲ್ಲಿ ಇಟ್ಟರೆ ಅದರ ಪವರ್ ಎಲ್‌ಇಡಿ ಮತ್ತು ರೆಗ್ಯುಲೇಟರ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಿನ್ನುತ್ತವೆ. ತಂಗಿ, ನಿನ್ನ ಬೋರ್ಡಿನಲ್ಲೂ ಅಷ್ಟೇ. ಯುಎಸ್‌ಬಿ ಕೇಬಲ್‌ಗೆ ಮೀಟರ್ ಹಾಕಿ ಫಿಲ್ಟರ್‌ನ ಉಳಿತಾಯ ಹುಡುಕಬೇಡ. ಮತ್ತೆ, ವೋಲ್ಟೇಜ್ ಇಳಿಸಿದರೆ ಅದರ ವರ್ಗದಷ್ಟು ಲಾಭ. ಕ್ಲಾಕಿನ ಹಿಂದೆಯೇ ಬೀಳುವವರು ಅದನ್ನು ಮರೆಯುತ್ತಾರೆ ಅಂತ ನನ್ನ ತಕರಾರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿನ ವೋಲ್ಟೇಜ್ ನಮ್ಮ ಕೈಯಲ್ಲಿಲ್ಲ ಅಣ್ಣಾ. ಬಿಯುಎಫ್‌ಜಿಸಿಇ ಹಾಕಿದ್ದೇವೆ, ಈಗ ತಪ್ಪು ಉತ್ತರ ಬರುತ್ತಿಲ್ಲ. ಆದರೆ ರಿಸೆಟ್ ಒತ್ತಿದರೂ ಫಿಲ್ಟರ್‌ನಲ್ಲಿ ಹಳೇ ಡೇಟಾ ಉಳಿಯುತ್ತಿದೆ. ಅಕ್ಕಾ, ಇದೇಕೆ?

ಜಮಖಂಡಿ ಕಡೆಯವರು

ನಿನ್ನ ರಿಸೆಟ್ ಬಹುಶಃ ಸಿಂಕ್ರೊನಸ್. ಅದು ಕೆಲಸ ಮಾಡಲು ಕ್ಲಾಕ್ ಬೇಕು, ಕ್ಲಾಕ್ ನೀನೇ ನಿಲ್ಲಿಸಿದ್ದೀಯಾ. ರಿಸೆಟ್ ಇದ್ದಾಗಲೂ ಗೇಟು ತೆರೆಯುವ ಹಾಗೆ ಎನೇಬಲ್ ಜೊತೆ ಅದನ್ನು ಆರ್ ಗೇಟ್‌ಗೆ ಕೊಡು, ಎರಡರಲ್ಲಿ ಒಂದಿದ್ದರೂ ಸಾಕು. ಹಾಗೇ ಕೊನೇ ಡೇಟಾ ಬಂದ ಮೇಲೆ ತಕ್ಷಣ ಮುಚ್ಚಬೇಡ. ಪೈಪ್‌ಲೈನ್ ಎಷ್ಟು ಹಂತ ಇದೆಯೋ ಅಷ್ಟು ಸುತ್ತು ಹೆಚ್ಚಿಗೆ ಓಡಿಸು, ಇಲ್ಲದಿದ್ದರೆ ಕೊನೇ ಉತ್ತರ ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಹಂತ ಅಂತ ಇಲ್ಲಿ ಹಾಕು, ಎನೇಬಲ್ ಕೋಡ್ ನೋಡೋಣ.