ಉಕ್ರೇನಿನ ಕಸೂತಿಯ ಸುತ್ತ ಐತಿಹಾಸಿಕ ಕಥೆ: ಬರೆದವರ ಅನುಭವವೇನು?

ಪ್ರಶ್ನೆ: 1840ರ ದಶಕದ ಪೊಲ್ತಾವಾ ಸೀಮೆಯಲ್ಲಿ ತನ್ನ ಮದುವೆಯ ಅಂಗಿಗೆ ಕೆಂಪು ಮತ್ತು ಕಪ್ಪು ಗುಲಾಬಿಗಳನ್ನು ಹೊಲಿಯುವ ಜೀತದ ಹುಡುಗಿಯೊಬ್ಬಳ ಕಥೆ ಬರೆಯುತ್ತಿದ್ದೇನೆ. ಹೊಲಿಗೆಯ ವಿವರಗಳು ಸೇರುತ್ತಾ ಹೋದಂತೆ ಅದು ಲೇಖನದ ರೂಪ ತಾಳುತ್ತಿದೆ. ಕಸುಬನ್ನು ಆಧರಿಸಿ ಕಥೆ ಬರೆದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ: ಕಥಾವಸ್ತುವಿಗೂ ಮೊದಲು ದಾರವನ್ನು ನಿಶ್ಚಯಿಸಿಕೊಳ್ಳುವುದು ನನ್ನ ರೂಢಿ. ಯಾವ ದಾರ, ಯಾವ ಹೊಲಿಗೆ ಎಂಬುದು ತೀರ್ಮಾನವಾದರೆ ಕಾಲವೂ ಊರೂ ಪಾತ್ರದ ಸ್ಥಿತಿಗತಿಯೂ ಅದರ ಹಿಂದೆಯೇ ಬರುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಗುಲಾಬಿಗಳು 1840ಕ್ಕೆ ಒಗ್ಗುವುದಿಲ್ಲ. ನಮ್ಮ ಧಾರವಾಡ ಕಸೂತಿಯ ಮೆಂತಿ ಹೊಲಿಗೆಯಂತೆ ದಾರವನ್ನು ಗುಣಾಕಾರ ಚಿಹ್ನೆಯಾಗಿ ಹಾಯಿಸುವ ಅಡ್ಡ ಹೊಲಿಗೆಯಲ್ಲಿ ಅವು ಉಕ್ರೇನಿನ ಹಳ್ಳಿಗಳಿಗೆ ವ್ಯಾಪಕವಾಗಿ ಹಬ್ಬಿದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. 1864ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಬ್ರೊಕಾರ್ ಕಂಪನಿ ತನ್ನ ಅಗ್ಗದ ಸಾಬೂನಿನೊಂದಿಗೆ ಹಂಚಿದ ಅಚ್ಚಿನ ನಮೂನೆಗಳು ಅದಕ್ಕೊಂದು ಮುಖ್ಯ ಕಾರಣ. (ಸಾಬೂನಿನ ಕಾಗದವನ್ನು ಜೋಪಾನವಾಗಿ ಎತ್ತಿಟ್ಟುಕೊಂಡ ಹುಡುಗಿ ಬೇರೊಂದು ಕಥೆಗೇ ನಾಯಕಿಯಾಗಬಲ್ಲಳು.)

ಪೊಲ್ತಾವಾ ಸೀಮೆ ಹೆಸರಾಗಿರುವುದು ಬಿಳಿಯ ಮೇಲೆ ಬಿಳಿ ಕಸೂತಿಗೆ. ಅಗಸೆ ನಾರಿನ ಬಟ್ಟೆಯಲ್ಲಿ ಎಳೆಗಳನ್ನು ಎಣಿಸಿ, ಚಿಕ್ಕ ಚೌಕದ ಅಂಚನ್ನು ಒತ್ತಾಗಿ ಹೊಲಿದು ಭದ್ರಪಡಿಸಿದ ಮೇಲೆ ಒಳಗಿನ ಹಾಸು ಹೊಕ್ಕುಗಳಲ್ಲಿ ಕೆಲವನ್ನು ಕತ್ತರಿಸಿ ತೆಗೆದು, ಉಳಿದವುಗಳಿಗೆ ದಾರ ಸುತ್ತಿ ಜಾಲರಿ ಮಾಡುತ್ತಾರೆ. ತಪ್ಪು ಹೊಲಿಗೆಯನ್ನಾದರೆ ಬಿಚ್ಚಬಹುದು, ಕತ್ತರಿಸಿದ ಎಳೆಯನ್ನು ಮರಳಿ ಕೂಡಿಸಲಾಗದು. ನಿಮ್ಮ ಕಥೆಗೆ ಬೇಕಾದ ಬಿಗಿ ಇಲ್ಲಿಯೇ ಇದೆ. ಹಗಲೆಲ್ಲ ಜಮೀನ್ದಾರಳ ಬಟ್ಟೆಗೆ ಕತ್ತರಿಯಾಡಿಸಿದವಳು ರಾತ್ರಿಯ ಮಂದ ಬೆಳಕಿನಲ್ಲಿ, ತನ್ನದೇ ಅಂಗಿಯ ತೋಳಿನ ಮೇಲೆ, ಬಿಳಿ ಬಟ್ಟೆಯಲ್ಲಿ ಬಿಳಿ ದಾರವನ್ನು ಹುಡುಕುತ್ತಾ ಕೂತಿದ್ದನ್ನು ತೋರಿಸಿದರೆ, ಜೀತ ಪದ್ಧತಿ 1861ರವರೆಗೂ ಇತ್ತೆಂಬ ಟಿಪ್ಪಣಿಯನ್ನು ನೀವು ಸೇರಿಸಬೇಕಾಗಿಲ್ಲ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಲೇಖನದ ವಾಸನೆ ಹೆಚ್ಚಾಗಿ ಬರುವುದು ಸಂಕೇತಗಳ ಕಡೆಯಿಂದ. ಈ ಆಕೃತಿಯೆಂದರೆ ಹೊಲ, ಆ ಬಣ್ಣವೆಂದರೆ ಶೋಕ ಎಂದು ನಿರೂಪಕನೇ ಅರ್ಥ ಹೇಳುತ್ತಾ ಹೋದರೆ ಓದುಗ ಪುಟ ಮಗುಚುತ್ತಾನೆ. ಪಶ್ಚಿಮ ಉಕ್ರೇನಿನ ಬೊರ್ಷ್ಚಿವ್ ಪ್ರದೇಶದ ಅಂಗಿಗಳ ತೋಳುಗಳಲ್ಲಿ ಕಪ್ಪು ಉಣ್ಣೆಯ ದಾರ ದಟ್ಟವಾಗಿ ತುಂಬಿರುತ್ತದೆ. ದಾಳಿಗಳಲ್ಲಿ ಗಂಡಸರನ್ನು ಕಳೆದುಕೊಂಡ ಹೆಂಗಸರು ಶೋಕಕ್ಕಾಗಿ ಹಾಗೆ ಹೊಲಿದರೆಂಬ ಐತಿಹ್ಯವಿದೆ. ನನ್ನ ಕಥೆಯಲ್ಲಿ ಅದನ್ನು ಅತ್ತೆಯ ಬಾಯಲ್ಲಿಟ್ಟೆ. ಸೊಸೆ ಅದನ್ನು ನಂಬುವುದಿಲ್ಲ, ಆದರೂ ಕೆಂಪು ದಾರ ತರಿಸಿಕೊಡಿ ಎನ್ನಲು ಅವಳಿಗೆ ಧೈರ್ಯವಿಲ್ಲ. ಐತಿಹ್ಯ ನಿಜವೋ ಸುಳ್ಳೋ ಎಂಬ ಪ್ರಶ್ನೆ ಹಿಂದೆ ಸರಿದು, ಅವರಿಬ್ಬರ ನಡುವಿನ ಬಿಗುವು ಮುಂದೆ ಬಂತು.

ನಿಮ್ಮ ಕಥೆ ಮದುವೆಯದಾದುದರಿಂದ ಅಂಗಿಯ ಜೊತೆಗೆ ರುಶ್ನಿಕ್ ಎಂಬ ಉದ್ದನೆಯ ಕಸೂತಿ ವಸ್ತ್ರವನ್ನೂ ತರಬಹುದು. ಹೆಣ್ಣು ಕೇಳಲು ಬಂದ ಹಿರಿಯರಿಗೆ ಹುಡುಗಿ ರುಶ್ನಿಕ್ ಕೊಟ್ಟರೆ ಒಪ್ಪಿಗೆ, ಕುಂಬಳಕಾಯಿ ಕೊಟ್ಟರೆ ನಿರಾಕರಣೆ ಎಂಬುದು ಅಲ್ಲಿನ ಸಂಪ್ರದಾಯ. ಜೀತದಾಳಿನ ಮದುವೆಗೆ ಒಡೆಯರ ಅಪ್ಪಣೆಯೂ ಬೇಕಾಗಿದ್ದುದರಿಂದ, ಅವಳು ರುಶ್ನಿಕ್ ಕೊಟ್ಟ ಮೇಲೂ ಮಾತು ಮುಗಿದಿರುವುದಿಲ್ಲ. ನಾನಾದರೆ ಕಥೆಯನ್ನು ಆ ದೃಶ್ಯದಿಂದಲೇ ಆರಂಭಿಸುತ್ತೇನೆ.